ಬೂದಿಯ ಬಾಣಂತನ: ದಿನಚರಿಯ ಪುಟಗಳು

ನವೆಂಬರ್ 8, ಶನಿವಾರ

ಬೆಳಗಿನ ತಂಪಿನಲ್ಲೇ ನಮ್ಮ ಹೆಣ್ಣು ಮೊಲ ಬೂದಿಯನ್ನು ಗಂಡು ಮೊಲ ಪಟೇಲನ ಗೂಡಿಗೆ ಬಿಟ್ಟೆ. ಹೆಣ್ಣನ್ನು ಗಂಡಿನ ಬಳಿಗೆ ಒಯ್ಯಬೇಕೇ ಹೊರತು ಗಂಡನ್ನು ತಂದು ಹೆಣ್ಣಿನ ಗೂಡಿಗೆ ಬಿಡಬಾರದು. ತನ್ನ ಜಾಗಕ್ಕೆ ಬಂದವನನ್ನು ಅವಳು ಕಚ್ಚಿ ಪರಚಿ ಓಡಿಸುತ್ತಾಳೆ. ಹೊಸ ಜಾಗಕ್ಕೆ ಬಂದ ಗಂಡು ಮೂಲೆ ಮೂಲೆ ಮೂಸುತ್ತಾ ಬಂದ ಕೆಲಸವನ್ನೇ ಮರೆಯುತ್ತಾನೆ. ಮೊದಲೇ ಬಾಲ ಎತ್ತಿ ನೋಡಿಕೊಂಡಿದ್ದೆ, ಕಡುಗೆಂಪು ಬಣ್ಣವಿತ್ತು. ಬಿಳಿಚಿಕೊಂಡಿದ್ದರೆ ಒಯ್ಯುತ್ತಲೇ ಇರಲಿಲ್ಲ.

ಎಲ್ಲ ಒಂದು ನಿಮಿಷದ ವ್ಯವಹಾರ. ಪಟೇಲ ಸಣ್ಣಗೆ ಕೀರಲಿ ಧೊಪ್ಪೆಂದು ಪಕ್ಕಕ್ಕೆ ಉರುಳಿದ. ತೋಟದ ಹುಡುಗನಿಗೆ ಗಾಬರಿ. "ಅಯ್ಯೋ ಟೀಚರಮ್ಮ, ಪಟೇಲ ಸತ್ತೋದ!" ಸತ್ತಿಲ್ಲ ಕಣೋ, ಹಾಗೆ ಬಿದ್ದರೇ ಕೆಲಸ ಆಯಿತೆಂದು ಲೆಕ್ಕ, ಎಂದೆ. ಸಂಜೆ ಬೂದಿಯನ್ನು ಇನ್ನೊಮ್ಮೆ ಬಿಟ್ಟೆವು. ಮಲ್ಲಿಗೆಯನ್ನೂ ಇವತ್ತೇ ಕೊಡಿಸಿದ್ದಾಯಿತು. ಇಬ್ಬರೂ ಒಂದೇ ದಿನ ಈದರೆ ಒಬ್ಬಳ ಮರಿಯನ್ನು ಇನ್ನೊಬ್ಬಳಿಗೆ ಹಚ್ಚಬಹುದು. ಮಲ್ಲಿಗೆಗೆ ಇದು ಚೊಚ್ಚಲು, ಆ ಆಸರೆ ಇರಲಿ.

ಹಸುವಿನಂತೆ 21 ದಿನಕ್ಕೊಮ್ಮೆ ಬೆದೆಗೆ ಬರುವ ಪದ್ಧತಿ ಮೊಲಕ್ಕಿಲ್ಲ. ಗಂಡು ಕೂಡಿದ ಮೇಲೆಯೇ, ಸುಮಾರು 10–12 ಗಂಟೆ ಕಳೆದು ಅಂಡ ಬಿಡುಗಡೆಯಾಗುತ್ತದೆ. ಪಿಯುಸಿ ಮಕ್ಕಳಿಗೆ ಪಾಠ ಮಾಡುವಾಗ ನಾನು ಈ ಸಂಗತಿಗೆ ಮೊಲದ ಪರೀಕ್ಷೆಯ ಕಥೆ ಸೇರಿಸುತ್ತಿದ್ದೆ. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಮತ್ತು ಮ್ಯಾಕ್ಸ್‌ವೆಲ್ ಲ್ಯಾಫಮ್ ಅದನ್ನು ಪ್ರಕಟಿಸಿದರು. ಹೆಂಗಸಿನ ಮೂತ್ರವನ್ನು ಗಂಡು ಕಾಣದ ಹೆಣ್ಣು ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚುವುದು, ಎರಡು ದಿನ ಬಿಟ್ಟು ಮೊಲದ ಅಂಡಾಶಯ ನೋಡುವುದು. ಅಂಡ ಬಿಟ್ಟಿದ್ದರೆ ಹೆಂಗಸು ಬಸುರಿ. ತಾನಾಗಿ ಅಂಡ ಬಿಡದ ಪ್ರಾಣಿ ಎಂಬ ಕಾರಣಕ್ಕೇ ಮೊಲವನ್ನು ಆರಿಸಿದ್ದು. ಫಲಿತಾಂಶ ಏನೇ ಬರಲಿ, ಅಂಡಾಶಯ ನೋಡಲು ಮೊಲವನ್ನು ಕೊಯ್ಯಲೇಬೇಕಿತ್ತು. ತರಗತಿಯಲ್ಲಿ ಈ ಮಾತಿಗೆ ಬಂದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತಿತ್ತು.

ಏಪ್ರಿಲ್–ಮೇನಲ್ಲಿ ಇದೇ ಪಟೇಲನಿಂದ ಒಂದೂ ಬಸಿರು ನಿಂತಿರಲಿಲ್ಲ. ತಿಪಟೂರಿನ ಬಿಸಿಲಿಗೆ ಗಂಡಿನ ಬೀಜ ಸೊರಗುತ್ತದೆ, ತಂಪು ಬಂದರೂ ಕೆಲವು ವಾರ ಚೇತರಿಸಿಕೊಳ್ಳುವುದಿಲ್ಲ. ನಮ್ಮ ಕಡೆ ಮರಿ ಮಾಡಿಸುವುದಿದ್ದರೆ ಮಳೆಗಾಲ ಕಳೆದ ಮೇಲೆ, ಶಿವರಾತ್ರಿಯ ಒಳಗೆ.

ನವೆಂಬರ್ 20, ಗುರುವಾರ

ಹೊಟ್ಟೆ ಮುಟ್ಟಿ ನೋಡುವ ದಿನ. ಗೋಣಿಚೀಲದ ಮೇಲೆ ಬೂದಿಯನ್ನು ಕೂರಿಸಿ, ಎಡಗೈಯಲ್ಲಿ ಹೆಗಲು ಹಿಡಿದು, ಬಲಗೈಯನ್ನು ಹಿಂಗಾಲಿನ ಮುಂದೆ ಹೊಟ್ಟೆಯಡಿ ತೂರಿಸಿದೆ. ಹೆಬ್ಬೆರಳು ಒಂದು ಪಕ್ಕ, ಉಳಿದ ಬೆರಳು ಇನ್ನೊಂದು ಪಕ್ಕ. ಗೋಲಿ ಗಾತ್ರದ ಮೆತ್ತನೆಯ ಗಂಟುಗಳು ಬೆರಳ ನಡುವೆ ಜಾರಿದವು. ಹಿಕ್ಕೆಯೂ ಕೈಗೆ ಸಿಗುತ್ತದೆ, ಆದರೆ ಅದು ಸಣ್ಣದು, ಗಟ್ಟಿ, ಬೆನ್ನೆಲುಬಿನ ಕಡೆಗಿರುತ್ತದೆ. ಹುಡುಗನ ಕೈಯನ್ನೂ ಹಿಡಿಸಿ ತೋರಿಸಿದೆ. ಎರಡು ವಾರ ದಾಟಿದ ಮೇಲೆ ಹೀಗೆಲ್ಲ ಅಮುಕಬಾರದು ಎಂದೂ ಹೇಳಿದೆ.

ಮಲ್ಲಿಗೆಗೂ ನಿಂತಿದೆ, ಆದರೆ ಗಂಟು ಕಡಿಮೆ.

"ಹಂಗಾದ್ರೆ ದಸರಾದಲ್ಲಿ ಕಪ್ಪಿ ಯಾಕೆ ರೋಮ ಕಿತ್ಕೊಂಡಿದ್ದು? ಅವಳಿಗೆ ಗಂಡೇ ತೋರ್ಸಿರಲಿಲ್ವಲ್ಲ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಒಂದೇ ಗೂಡಿನಲ್ಲಿದ್ದ ಹೆಣ್ಣುಗಳು ಒಂದರ ಮೇಲೊಂದು ಏರಿದರೂ ಅಂಡ ಬಿಡುಗಡೆಯಾಗುತ್ತದೆ. ಆಮೇಲೆ 16–18 ದಿನ ಮೈ ತಾನು ಬಸುರಿ ಎಂದೇ ನಂಬಿರುತ್ತದೆ. ಕೊನೆಗೆ ಗೂಡು ಕಟ್ಟಿ, ಹುಲ್ಲು ಹೊತ್ತು, ಏನೂ ಹುಟ್ಟದೆ ಸುಮ್ಮನಾಗುತ್ತದೆ. ಕಪ್ಪಿಯನ್ನು ಆಗಲೇ ಬೇರೆ ಮಾಡಿದ್ದೇವೆ.

ಡಿಸೆಂಬರ್ 6, ಶನಿವಾರ

ಈಯುವ ಪೆಟ್ಟಿಗೆ ಇಟ್ಟದ್ದಾಯಿತು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮುಂದಿನ ಅಂಚು ಅರ್ಧ ಅಡಿ. ಅವಳು ಹಾರಿ ಒಳಗೆ ಹೋಗುವಷ್ಟು ತಗ್ಗು, ಮರಿ ಉರುಳಿ ಆಚೆ ಬರದಷ್ಟು ಎತ್ತರ. ಬಸಿರು ಒಂದು ತಿಂಗಳಿನದು, 31 ದಿನಕ್ಕೆ ಒಂದು ಹಿಂದೆ ಮುಂದೆ. ಪೆಟ್ಟಿಗೆಯನ್ನು ವಾರ ಮೊದಲೇ ಇಟ್ಟರೆ ಅದನ್ನೇ ಪಾಯಿಖಾನೆ ಮಾಡಿಕೊಳ್ಳುತ್ತಾರೆ.

ತಳಕ್ಕೆ ರಾಗಿಹುಲ್ಲು, ಮೇಲೆ ತೆಂಗಿನ ನಾರು. ನಮ್ಮಲ್ಲಿ ನಾರಿಗೆ ಬರವೇ? ಆದರೆ ಉದ್ದ ಎಳೆ ಮರಿಯ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗುತ್ತದೆ, ಅದಕ್ಕೆ ಕುಡುಗೋಲಿನಲ್ಲಿ ಚಿಕ್ಕದಾಗಿ ಕತ್ತರಿಸಿ ಹಾಕಿದೆವು. ಗೂಡಿನ ನಾಲ್ಕು ಕಾಲಿನಡಿ ಡಬ್ಬಿಯಿಟ್ಟು ನೀರು ತುಂಬಿದ್ದು ಇರುವೆಗೆ. ಹೆಗ್ಗಣಕ್ಕೆ ಬೇರೆ ಜಾಲರಿ. ಬೆತ್ತಲೆ ಮರಿ ಕೆಂಪಿರುವೆಯ ಕೈಗೆ ಸಿಕ್ಕರೆ ಬೆಳಗಾಗುವಷ್ಟರಲ್ಲಿ ಉಳಿಯುವುದಿಲ್ಲ.

ಸಂಜೆ ನೋಡಿದರೆ ಬೂದಿಯ ಬಾಯಿಯ ಎರಡೂ ಪಕ್ಕ ಹುಲ್ಲು ಇಳಿಬಿದ್ದಿದೆ. ಮೂಲೆಯಿಂದ ಮೂಲೆಗೆ ಹೊತ್ತು ತಿರುಗುತ್ತಿದ್ದಾಳೆ. ಎದೆಯ ರೋಮ ಕಿತ್ತು ಪೆಟ್ಟಿಗೆಗೆ ಹಾಕುವುದೂ ಶುರುವಾಗಿದೆ. ಈ ಹೊತ್ತಿನಲ್ಲಿ ಅವಳ ರೋಮ ಸಡಿಲವಾಗಿರುತ್ತದೆ, ಎಳೆದರೆ ನೋವಿಲ್ಲ. ಹೊಟ್ಟೆಯ ಮೇಲಿನ ರೋಮ ಹೋದರೆ ಮರಿಗೆ ಮೊಲೆ ಸಿಗುವುದೂ ಸಲೀಸು. ಮಲ್ಲಿಗೆ ಮಾತ್ರ ಪೆಟ್ಟಿಗೆಯ ಅಂಚಿನ ಮೇಲೆ ಗಲ್ಲ ಉಜ್ಜಿ ಸುಮ್ಮನೆ ಕೂತಿದ್ದಾಳೆ. ಇವರು ಇಣುಕಿ, "ಇವಳಿಗಿನ್ನೂ ಸಮಾಚಾರ ತಿಳಿದ ಹಾಗಿಲ್ಲ" ಎಂದರು.

ಡಿಸೆಂಬರ್ 9, ಮಂಗಳವಾರ

ಐದೂವರೆಗೆ ಟಾರ್ಚು ಹಿಡಿದು ಹೋದೆ. ಬೂದಿಯ ಪೆಟ್ಟಿಗೆಯಲ್ಲಿ ಬಿಳಿ ರೋಮದ ರಾಶಿ ಮೆಲ್ಲಗೆ ಏರಿ ಇಳಿಯುತ್ತಿತ್ತು. ನೀರಿನ ಬಟ್ಟಲು ಖಾಲಿ. ಮೊದಲು ಅದನ್ನು ತುಂಬಿಸಿದೆ, ಈದ ಮೊಲಕ್ಕೆ ನೀರಿಲ್ಲದಿದ್ದರೆ ಮರಿಯನ್ನೇ ತಿನ್ನುವ ಅಪಾಯವಿದೆ. ಒಂದು ಹಿಡಿ ಗರಿಕೆ ಕೊಟ್ಟೆ. ಅವಳು ಮೇಯುತ್ತಿರುವಾಗ ಕೈಗೆ ಅವಳದೇ ಹುಲ್ಲನ್ನು ಉಜ್ಜಿಕೊಂಡು ಪೆಟ್ಟಿಗೆಗೆ ಇಳಿಸಿದೆ. ಹನ್ನೊಂದು ಸಿಕ್ಕವು, ಒಂದು ಸತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಕಡಿಮೆಯದು 41 ಗ್ರಾಂ, ಜಾಸ್ತಿಯದು 56.

ಮಲ್ಲಿಗೆ ಪೆಟ್ಟಿಗೆಯ ಆಚೆ, ಬರಿಯ ಜಾಲರಿಯ ಮೇಲೆಯೇ ಈದಿದ್ದಾಳೆ. ನಾಲ್ಕು. ಮೂರು ಒಂದರ ಮೇಲೊಂದು ಬಿದ್ದು ಹೇಗೋ ಬಿಸಿ ಉಳಿಸಿಕೊಂಡಿದ್ದವು. ನಾಲ್ಕನೆಯದು ದೂರದ ಮೂಲೆಯಲ್ಲಿ ಬೂದುನೀಲಿಯಾಗಿ, ಬಾಯಿ ಅರೆ ತೆರೆದು, ಮುಟ್ಟಿದರೆ ತಣ್ಣಗೆ. ಹುಡುಗ ಎಸೆಯಲು ಕೈ ಚಾಚಿದ. ಮೈ ಬೆಚ್ಚಗಾದ ಮೇಲೂ ಅಲ್ಲಾಡದಿದ್ದರೆ ಮಾತ್ರ ಸತ್ತಿತೆನ್ನಬೇಕು, ಅಲ್ಲಿಯವರೆಗೆ ತೀರ್ಪು ಕೊಡಬಾರದು. ಅದನ್ನು ಅಂಗೈಗಳ ನಡುವೆ ಇಟ್ಟುಕೊಂಡು ಒಳಗೆ ಬಂದೆ. ಬಿಸಿನೀರಿನ ಚೀಲಕ್ಕೆ ಟವೆಲು ಸುತ್ತಿ ಅದರ ಮೇಲೆ ಮಲಗಿಸಿ, ಆಗಾಗ ಮಗ್ಗುಲು ಬದಲಿಸಿದೆ. ಮೊದಲು ಮೂಗಿನ ತುದಿ ಗುಲಾಬಿಯಾಯಿತು. ಆಮೇಲೆ ಕೆಳದವಡೆ ಒಮ್ಮೆ ತೆರೆದು ಮುಚ್ಚಿತು. ಬಹಳ ಹೊತ್ತು ಏನೂ ಇಲ್ಲ. ಕಾಫಿ ಆರಿಹೋಗುವ ಹೊತ್ತಿಗೆ ಹಿಂಗಾಲು ಬೆರಳಿಗೆ ಒದೆಯಿತು.

ಬೂದಿಗೆ ಹತ್ತು ಮರಿ, ಮೊಲೆ ಎಂಟು. ಅವಳ ಮೂರನ್ನು ಮಲ್ಲಿಗೆಗೆ ಹಚ್ಚಿದೆ, ಇಬ್ಬರಿಗೂ ಏಳೇಳು. ಮಲ್ಲಿಗೆ ರೋಮ ಕಿತ್ತದ್ದು ಸಾಲದು, ಬೂದಿಯ ಪೆಟ್ಟಿಗೆಯಿಂದ ಒಂದು ಹಿಡಿ ತಂದು ಇವಳ ಮರಿಗಳಿಗೆ ಹೊದಿಸಿದೆ. ವಾಸನೆ ಬೆರೆಯಲಿ ಎಂದು ಏಳನ್ನೂ ಒಟ್ಟಿಗೆ ಉಜ್ಜಿದೆ. ಯಾವುದು ಯಾರದೆಂದು ತಿಳಿಯಲು ಬೂದಿಯ ಮೂರರ ಕಿವಿಗೆ ಸ್ಕೆಚ್ ಪೆನ್ನಿನ ಚುಕ್ಕೆ.

ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ, "ಮನುಷ್ಯರ ಕೈ ಸೋಕಿದ್ಮೇಲೆ ತಾಯಿ ಸೇರಿಸ್ಕಂತದೇನೇ ತಾಯೀ?" ಎಂದರು. ಸಾಕಿದ ಮೊಲ ಸೇರಿಸಿಕೊಳ್ಳುತ್ತದೆ, ನಮ್ಮ ವಾಸನೆ ಅದಕ್ಕೆ ದಿನದ ವಾಸನೆ. ಕಂಡವರ ಮಕ್ಕಳನ್ನು ಮೊಲ ಹೊಟ್ಟೆಯಲ್ಲೇ ಹೊತ್ತದ್ದೂ ಉಂಟು. 1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಅಂಗೋರಾ ಮೊಲದ ಎರಡು ಭ್ರೂಣಗಳನ್ನು ತೆಗೆದು, ಆಗತಾನೆ ತನ್ನ ಜಾತಿಯ ಗಂಡಿನೊಡನೆ ಕೂಡಿದ್ದ ಬೆಲ್ಜಿಯನ್ ಮೊಲದೊಳಗೆ ಇಟ್ಟರು. ಅದು ಆರು ಮರಿ ಹಾಕಿತು. ನಾಲ್ಕು ಅದರವೇ, ಎರಡು ಉದ್ದ ರೋಮದ ಅಂಗೋರಾ. ಇಂದು ಹಸುಗಳಲ್ಲಿ ನಡೆಯುವ ಭ್ರೂಣ ವರ್ಗಾವಣೆಯ ಮೊದಲ ಹೆಜ್ಜೆ ಅದು. ಅಜ್ಜಿಗೆ ಇದನ್ನು ಹೇಳಲು ಹೋಗಲಿಲ್ಲ.

ಡಿಸೆಂಬರ್ 11, ಗುರುವಾರ

ಅಜ್ಜಿಯ ಹೊಸ ದೂರು: "ನಿನ್ನೆಯಿಂದ ನೋಡ್ತಿದೀನಿ, ಒಂದು ಸಲಾನೂ ಮರಿ ಹತ್ರ ಹೋಗ್ಲಿಲ್ಲ ಇವಳು. ಎಂಥ ಕಲ್ಲೆದೆ!"

ನೋಡಿದವರಿಗೆಲ್ಲ ಹಾಗೇ ಅನ್ನಿಸುತ್ತದೆ. ಬೆಕ್ಕಾದರೆ ಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುತ್ತದೆ, ನೆಕ್ಕುತ್ತದೆ. ಮೊಲ ಹಗಲೆಲ್ಲ ಪೆಟ್ಟಿಗೆಯ ಕಡೆ ಬೆನ್ನು ಹಾಕಿ ಕೂತಿರುತ್ತದೆ. ಹಾಲು ಕೊಡುವುದು ದಿನಕ್ಕೊಂದೇ ಸಲ, ಮೂರರಿಂದ ಐದು ನಿಮಿಷ. ಸ್ಪೇನ್, ಪೋರ್ಚುಗಲ್ ಕಡೆಯ ಬಯಲಲ್ಲಿ ಇದರ ಮೂಲದ ಕಾಡುತಳಿಯ ತಾಯಿ ಮರಿಗಳಿಗೆಂದು ಬೇರೆ ಬಿಲ ತೋಡಿ, ಹಾಲು ಕೊಟ್ಟ ಮೇಲೆ ಬಾಗಿಲನ್ನು ಮಣ್ಣಿನಿಂದ ಮುಚ್ಚಿ ಹೋಗಿಬಿಡುತ್ತದೆ. ಹತ್ತಿರ ಸುಳಿದಷ್ಟೂ ನರಿಗೆ ದಾರಿ ತೋರಿಸಿದಂತೆ. ಓಡಲಾರದ, ಕಾಣದ, ಕೇಳದ ಮರಿಗೆ ತಾಯಿ ಕೊಡಬಹುದಾದ ದೊಡ್ಡ ರಕ್ಷಣೆ ಎಂದರೆ ದೂರ ಇರುವುದು. ಲಕ್ಷಾಂತರ ವರ್ಷದ ಆ ಪಾಠವನ್ನು ನಮ್ಮ ಜಾಲರಿಗೂಡಿನಲ್ಲೂ ಬೂದಿ ಮರೆತಿಲ್ಲ.

ಒಂದೇ ಊಟವಾದ್ದರಿಂದ ಹಾಲೂ ಅದಕ್ಕೆ ತಕ್ಕ ಹಾಗೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸು, ಪ್ರೋಟೀನು 3 ಚಿಲ್ಲರೆ. ಮೊಲದ ಹಾಲಿನಲ್ಲಿ ಎರಡೂ 10 ದಾಟುತ್ತವೆ, ಸಕ್ಕರೆ ಅಂಶ ಮಾತ್ರ ಬಹಳ ಕಡಿಮೆ.

ಇವತ್ತು ಕತ್ತಲಿರುವಾಗಲೇ ಹೋಗಿ ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ ಕಾದೆ. ಬೂದಿ ಒಂದೇ ನೆಗೆತಕ್ಕೆ ಒಳಗಿಳಿದು ಮರಿಗಳ ಮೇಲೆ ನಿಂತಳು. ಮಲಗಲಿಲ್ಲ, ನೆಕ್ಕಲಿಲ್ಲ. ರೋಮದಡಿಯಿಂದ ಮರಿಗಳು ಚಿಮ್ಮಿ ಬಂದು ಅಂಗಾತ ಬಿದ್ದು, ಮೂತಿಯಿಂದ ಅವಳ ಹೊಟ್ಟೆಯನ್ನು ಹೊಲಿಗೆ ಯಂತ್ರದ ಸೂಜಿಯಂತೆ ಕುಟ್ಟತೊಡಗಿದವು. ಕೆಲವೇ ಸೆಕೆಂಡಿಗೆ ಮೊಲೆ ಸಿಕ್ಕಿತು, ಚೀಪಿದವು, ಬಿಟ್ಟು ಇನ್ನೊಂದಕ್ಕೆ ಹಾರಿದವು. ಕಣ್ಣಿಲ್ಲದೆ ಇಷ್ಟು ಬೇಗ ಹೇಗೆ ಎಂಬುದಕ್ಕೆ ಉತ್ತರ ಹಾಲಿನ ವಾಸನೆಯಲ್ಲೇ ಇದೆ. ಆ ವಾಸನೆಯ ಒಂದೇ ಒಂದು ರಾಸಾಯನಿಕಕ್ಕೆ ಮರಿ ಬಾಯಿ ತೆರೆದು ಹುಡುಕುತ್ತದೆಂದು ಫ್ರಾನ್ಸಿನ ಬೆನ್ವಾ ಶಾಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಬೂದಿ ಬಂದ ಹಾಗೇ ನೆಗೆದು ಹೊರಟಳು. ಮರಿಗಳು ಒಟ್ಟಿಗೆ ಉಚ್ಚೆ ಹೊಯ್ದು, ಒದ್ದೆಯನ್ನು ಕೆಳಗೆ ಬಿಟ್ಟು, ಮತ್ತೆ ಒಣ ರೋಮದೊಳಗೆ ಹುದುಗಿದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ತೆಳು ಚರ್ಮದಡಿ ಹೊಟ್ಟೆಯೊಳಗಿನ ಹಾಲು ಬಿಳಿಯ ಪಟ್ಟಿಯಾಗಿ ಕಾಣುತ್ತಿತ್ತು.

ಹುಡುಗನಿಗೆ ಹೇಳಿದ್ದು: ದಿನಾ ಬೆಳಗ್ಗೆ ಒಂದೇ ಸಲ ಪೆಟ್ಟಿಗೆ ನೋಡು. ತಾಯಿ ಏನು ಮಾಡುತ್ತಿದ್ದಾಳೆಂದು ನೋಡಬೇಡ, ಮರಿಯ ಹೊಟ್ಟೆ ನೋಡು. ಉಬ್ಬಿದ್ದರೆ ಮುಚ್ಚಿ ಬಾ.

ಡಿಸೆಂಬರ್ 15, ಸೋಮವಾರ

ಮಲ್ಲಿಗೆಯ ಏಳರಲ್ಲಿ ಒಂದರ ಹೊಟ್ಟೆ ಮೂರು ದಿನದಿಂದ ಸುಕ್ಕುಗಟ್ಟಿತ್ತು. ಜಾಲರಿಯ ಮೇಲೆ ತಣ್ಣಗಾಗಿದ್ದ ಮರಿಯಲ್ಲ, ಅದು ಗಟ್ಟಿಪಿಂಡ. ಇದು ಚುಕ್ಕೆ ಹಾಕಿದ ಮೂರರಲ್ಲಿ ಸಣ್ಣದು. ಉಳಿದವನ್ನು ಪಕ್ಕಕ್ಕಿಟ್ಟು ಮಲ್ಲಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಇದೊಂದಕ್ಕೇ ಕುಡಿಸಿದೆ. ನಿನ್ನೆ ಸ್ವಲ್ಪ ಕುಡಿಯಿತು. ಮೇಕೆ ಹಾಲನ್ನು ಡ್ರಾಪರಿನಲ್ಲಿ ಒಂದೊಂದೇ ಹನಿ ತುಟಿಗೆ ಮುಟ್ಟಿಸಿದ್ದೂ ಆಯಿತು. ಅವಸರಪಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ ಸತ್ತಿತ್ತು. ನಿಂಬೆಗಿಡದ ಬುಡಕ್ಕೆ ಹಾಕಿದೆವು.

ರಾತ್ರಿ ಮೈಸೂರಿನಿಂದ ಮೊಮ್ಮಗಳ ಫೋನು. ಅವಳ ಗಣಿತದ ಪುಸ್ತಕದಲ್ಲಿ ಮೊಲದ ಲೆಕ್ಕ ಬಂದಿದೆಯಂತೆ. 1202ರಲ್ಲಿ ಇಟಲಿಯ ಫಿಬೊನಾಚಿ ಹಾಕಿದ್ದು: ಒಂದು ಜೋಡಿ ಪ್ರತಿ ತಿಂಗಳು ಇನ್ನೊಂದು ಜೋಡಿ ಹಾಕುತ್ತದೆ, ಆ ಜೋಡಿ ಎರಡನೆಯ ತಿಂಗಳಿಂದ ತಾನೂ ಹಾಕತೊಡಗುತ್ತದೆ, ವರ್ಷದ ಕೊನೆಗೆ ಎಷ್ಟು? 377 ಜೋಡಿ. "ಅಜ್ಜಿ, ನಿಮ್ಮನೇಲಿ ಯಾಕೆ ಅಷ್ಟಿಲ್ಲ?" ಆ ಲೆಕ್ಕದಲ್ಲಿ ಒಂದು ಮೊಲವೂ ಸಾಯುವುದಿಲ್ಲ ಪುಟ್ಟಿ, ಬೇಸಿಗೆ ಬರುವುದಿಲ್ಲ, ಹುಟ್ಟುವುದೆಲ್ಲ ಸರಿಯಾಗಿ ಒಂದು ಗಂಡು ಒಂದು ಹೆಣ್ಣು. ಐದಾರು ತಿಂಗಳಾಗದೆ ನಿಜವಾದ ಮೊಲ ತಾಯಿಯಾಗಬಾರದು. ಇದೇ 1, 2, 3, 5, 8ರ ಸಾಲನ್ನು ಫಿಬೊನಾಚಿಗೂ ಮುಂಚೆ ನಮ್ಮ ಜೈನ ವಿದ್ವಾಂಸ ಹೇಮಚಂದ್ರ ಲಘು–ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಎಣಿಸುತ್ತಾ ಬರೆದಿಟ್ಟಿದ್ದ ಎಂದೂ ಹೇಳಿದೆ. ಛಂದಸ್ಸಿಗೆ ಆ ಲೆಕ್ಕ ಚೆನ್ನಾಗಿ ಹೊಂದುತ್ತದೆ, ಅಕ್ಷರಗಳಿಗೆ ಕಾಯಿಲೆ ಬರುವುದಿಲ್ಲವಲ್ಲ.

ಡಿಸೆಂಬರ್ 20, ಶನಿವಾರ

ಧನುರ್ಮಾಸದ ಚಳಿ. ಗಾಳಿ ಬರುವ ಕಡೆ ಗೋಣಿ ಇಳಿಬಿಟ್ಟಿದ್ದೇವೆ. ಎಲ್ಲಕ್ಕೂ ಕಣ್ಣು ಬಿಡುತ್ತಿದೆ. ಹತ್ತರಿಂದ ಹನ್ನೆರಡನೆಯ ದಿನದ ಒಳಗೆ ಬಿಡಬೇಕು. ಒಂದರ ಎಡಗಣ್ಣು ಪಿಸುರು ಕಟ್ಟಿ ಅಂಟಿತ್ತು. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ನೆನೆಸಿ ನೆನೆಸಿ ಬಿಡಿಸಿದೆ, ಪಶುವೈದ್ಯರು ಹೇಳಿದ ಹನಿ ಹಾಕಿದೆ. ಬಿಡಿಸದೆ ಬಿಟ್ಟಿದ್ದರೆ ಒಳಗೇ ಕೀವಾಗಿ ಕಣ್ಣು ಹೋಗುತ್ತಿತ್ತು. ಒದ್ದೆ ಹುಲ್ಲು ತೆಗೆದು ಹೊಸದು ಹಾಕಿದೆ, ರೋಮವನ್ನು ಮಾತ್ರ ತೆಗೆದಿಟ್ಟು ವಾಪಸು ಹಾಸಿದೆ.

ಬಣ್ಣಗಳೂ ಬಂದವು. ಬೂದಿಯವು ಅಪ್ಪ ಅಮ್ಮನ ಹಾಗೆ ಸೋವಿಯತ್ ಚಿಂಚಿಲ್ಲಾದ ಬೂದು. ಮಲ್ಲಿಗೆ ಅಪ್ಪಟ ನ್ಯೂಜಿಲೆಂಡ್ ವೈಟ್, ಕೆಂಪು ಕಣ್ಣಿನವಳು. ಅವಳ ಮರಿಗಳಲ್ಲಿ ಒಂದೂ ಬಿಳಿಯಿಲ್ಲ. ಬಿಳಿ ಅಪ್ರಭಾವಿ ಗುಣ, ಮೊಮ್ಮಕ್ಕಳ ಕಾಲಕ್ಕೆ ತಲೆ ಎತ್ತೀತು.

ಮಧ್ಯಾಹ್ನ ಹುಡುಗನ ಮಾವ ರಾಗಿ ಕೊಯ್ದ ಹೊಲದಿಂದ ಒಂದು ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದ. ಮೈತುಂಬ ಕಂದು ರೋಮ, ಕಣ್ಣು ಪಿಳಿಪಿಳಿ. "ತಬ್ಬಲಿ, ತಾಯಿ ಎಲ್ಲೂ ಇಲ್ಲ. ನಿಮ್ಮ ಮೊಲಕ್ಕೆ ಹಚ್ಚಿ" ಎಂದ. ಅದು ಕಾಡುಮೊಲ, ನಮ್ಮ ಗೂಡಿನದರ ಜಾತಿಯೇ ಬೇರೆ, ಎರಡಕ್ಕೂ ಕೂಡಿ ಮರಿಯಾಗುವುದಿಲ್ಲ. ಬಿಲ ತೋಡದೆ ಬಯಲಲ್ಲೇ ಈಯುವುದರಿಂದ ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟುಕೊಂಡು ರೋಮ ಹೊದ್ದುಕೊಂಡು ಬರುತ್ತದೆ. ಅದರ ತಾಯಿಯೂ ದೂರ ನಿಂತೇ ಕಾಯುವವಳು, ಹಗಲು ಕಾಣದ ಮಾತ್ರಕ್ಕೆ ತಬ್ಬಲಿಯಲ್ಲ ಎಂದೆ. ಆತ ಒಪ್ಪಲಿಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು ತೆಗೆದ ಮೇಲೆ ಎದ್ದ. ಹುಡುಗ ಜೊತೆಗೆ ಹೋಗಿ ಎತ್ತಿದ ಜಾಗದಲ್ಲೇ ಬಿಡಿಸಿ ಬಂದ.

ಡಿಸೆಂಬರ್ 28, ಭಾನುವಾರ

ಮರಿಗಳು ಪೆಟ್ಟಿಗೆಯಿಂದ ಇಳಿದು ತಾಯಿಯ ತಟ್ಟೆಗೆ ಮೂತಿ ಹಾಕುತ್ತಿವೆ. ಅವಳ ಹಿಕ್ಕೆಯನ್ನೂ ತಿನ್ನುತ್ತವೆ. ಹುಡುಗ ಮುಖ ಹಿಂಡಿದ. ಮೇವು ಜೀರ್ಣಿಸುವ ಸೂಕ್ಷ್ಮಾಣುಗಳು ಮರಿಯ ಕರುಳಿಗೆ ಸೇರುವ ದಾರಿ ಅದೇ ಎಂದೆ. ಬೀದಿಯ ಮಕ್ಕಳು ಕ್ಯಾರೆಟ್ಟು, ಎಲೆಕೋಸು ಹಿಡಿದು ಸಾಲುಗಟ್ಟಿದ್ದಾರೆ, ಯಾವುದನ್ನೂ ಒಳಗೆ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ಹಸಿ ಸೊಪ್ಪು ಒಮ್ಮೆಲೇ ಬಿದ್ದರೆ ಭೇದಿ, ಭೇದಿಯಾದರೆ ಒಂದೇ ರಾತ್ರಿಯಲ್ಲಿ ಗೂಡು ಖಾಲಿ. ಒಣಹುಲ್ಲು, ಗುಳಿಗೆ ತಿಂಡಿ, ಎರಡು ಎಸಳು ಕುದುರೆಮಸಾಲೆ, ಸಾಕು.

ಬೂದಿಯ ತಿಂಡಿ ಈಗ ದುಪ್ಪಟ್ಟು. ಮಲ್ಲಿಗೆಯ ಒಂದು ಮೊಲೆ ಕೆಂಪಗೆ ಬಿಸಿಯಾಗಿತ್ತು. ಕೆಚ್ಚಲುಬಾವಿನ ಶುರು. ವೈದ್ಯರು ಇಂಜೆಕ್ಷನ್ ಕೊಟ್ಟರು, ಈಗ ಇಳಿದಿದೆ.

ಜನವರಿ 17, ಶನಿವಾರ

ಸಂಕ್ರಾಂತಿ ಮುಗಿಯಿತು, ಹಾಲು ಬಿಡಿಸಿದ್ದೂ ಆಯಿತು. ಮರಿಗಳನ್ನು ಹಳೆಯ ಗೂಡಲ್ಲೇ ಬಿಟ್ಟು ತಾಯಂದಿರನ್ನು ಬೇರೆ ಕಡೆಗೆ ಒಯ್ದೆ. ತಾಯಿಯೂ ಜಾಗವೂ ಒಂದೇ ದಿನ ತಪ್ಪಿದರೆ ಮರಿ ಸೊರಗುತ್ತದೆ. ಎಲ್ಲ ಅರ್ಧ ಕಿಲೋ ದಾಟಿವೆ, ದೊಡ್ಡದು 800 ಗ್ರಾಂ. ಆ ತಣ್ಣಗಾಗಿದ್ದ ಮರಿಯೂ 700ರ ಹತ್ತಿರ. ಬಾಲದ ಬುಡ ಒತ್ತಿ ನೋಡಿದೆ: ಏಳು ಗಂಡು, ಆರು ಹೆಣ್ಣು. ಮೂರು ತಿಂಗಳಾಗುವ ಮೊದಲು ಇವನ್ನೂ ಬೇರೆ ಮಾಡಬೇಕು.

ಈದ ಮರುದಿನವೇ ಮೊಲ ಮತ್ತೆ ಬಸಿರಾಗಬಲ್ಲದು. ಹಾಗೆ ಕೊಡಿಸಿ ವರ್ಷವಿಡೀ ಮರಿ ತೆಗೆಯುವವರಿದ್ದಾರೆ. ಬೂದಿಯ ಬೆನ್ನು ಸವರಿದರೆ ಎಲುಬು ಕೈಗೆ ಸಿಗುತ್ತಿದೆ. ಮೈ ತುಂಬುವವರೆಗೆ ಪಟೇಲನ ಕಡೆ ಒಯ್ಯುವುದಿಲ್ಲ. ಇವರು ಲೆಕ್ಕದ ಪುಸ್ತಕ ಮುಂದಿಟ್ಟು, "ಹೀಗಾದ್ರೆ ತಿಂಡಿ ದುಡ್ಡೂ ಹುಟ್ಟಲ್ಲ" ಎಂದರು. ನಿಜವೇ. ಕೊಳ್ಳಲು ಬಂದವರನ್ನು ಸಾಕುವುದಕ್ಕೋ ಸಾರಿಗೋ ಎಂದು ನಾನು ಕೇಳುವುದಿಲ್ಲ. ಕೇಳಿದರೂ ಎಲ್ಲರೂ ಸಾಕುವುದಕ್ಕೇ ಎನ್ನುತ್ತಾರೆ.

ಫೆಬ್ರವರಿ 3, ಮಂಗಳವಾರ

ಕಳೆದ ವರ್ಷ ನಮ್ಮಿಂದ ಹೆಣ್ಣು ಮೊಲ ಕೊಂಡೊಯ್ದಿದ್ದ ಅರಸೀಕೆರೆ ಕಡೆಯ ಹೆಣ್ಣುಮಗಳು ಬೆಳಗ್ಗೆಯೇ ಫೋನು ಮಾಡಿದಳು. ಮೊನ್ನೆ ರಾತ್ರಿ ಆರು ಮರಿ ಹಾಕಿದೆ. "ಮೇಡಂ, ಹತ್ರಾನೇ ಹೋಗ್ತಿಲ್ಲ ಇದು. ನಮ್ಮತ್ತೆ ಹಸುವಿನ ಹಾಲು ಕುಡ್ಸೋಣ ಅಂತಿದಾರೆ. ಫಿಲ್ಲರಲ್ಲಿ ತುಂಬಿಟ್ಕೊಂಡು ಕೂತಿದೀವಿ."

ಫಿಲ್ಲರ್ ಕೆಳಗಿಡಮ್ಮ ಮೊದಲು, ಎಂದೆ. ಕೈಗೆ ಗೂಡಿನ ಹುಲ್ಲು ಉಜ್ಜಿಕೊಂಡು ಒಂದು ಮರಿ ಎತ್ತು. ಹೊಟ್ಟೆ ಹೇಗಿದೆ ಹೇಳು.

ಆ ಕಡೆ ಸ್ವಲ್ಪ ಹೊತ್ತು ಬರಿ ಹುಲ್ಲಿನ ಸದ್ದು. "ಉಬ್ಬಿಕೊಂಡಿದೆ ಮೇಡಂ. ಒಳಗೆ ಬೆಳ್ಳಗೆ ಏನೋ ಕಾಣ್ತದೆ."

ಅದೇ ಹಾಲು. ನೀವೆಲ್ಲ ಮಲಗಿದ್ದಾಗ ಬಂದು ಕೊಟ್ಟು ಹೋಗಿದ್ದಾಳೆ. ಉಳಿದ ಐದನ್ನೂ ನೋಡು.

ನಾಲ್ಕು ಸರಿಯಿದ್ದವು, ಒಂದು ಸುಕ್ಕಾಗಿತ್ತು. ಅದನ್ನು ಬೆಚ್ಚಗಿಟ್ಟು, ತಾಯಿಯನ್ನು ಹಿಡಿದುಕೊಂಡು ಅದೊಂದಕ್ಕೇ ಮೊದಲು ಕುಡಿಸಲು ಹೇಳಿದೆ. ಇನ್ನೊಬ್ಬಳು ಈದ ಮೊಲ ಅವಳಲ್ಲಿಲ್ಲ, ಹಚ್ಚುವುದಕ್ಕೆ ದಾರಿಯಿಲ್ಲ. ಅತ್ತೆಯವರು ಫೋನು ಇಸಿದುಕೊಂಡು, ದಿನಕ್ಕೆ ಒಂದೇ ಸಲ ಹಾಲು ಕೊಟ್ಟರೆ ಅದು ಯಾವ ಸೀಮೆ ಬಾಣಂತಿ ಎಂದು ನನ್ನನ್ನೇ ದಬಾಯಿಸಿದರು. ನಾಳೆ ಬೆಳಗಿನ ರೈಲಿಗೆ ಹೋಗಿ ಬರುತ್ತೇನೆ. ದೊಡ್ಡ ನೀರಿನ ಬಟ್ಟಲೊಂದು ಕಟ್ಟಿಕೊಳ್ಳಬೇಕು, ಅವಳ ಗೂಡಿನಲ್ಲಿರುವುದು ಟೀ ಲೋಟದಷ್ಟಿದೆಯಂತೆ.